ಕಾಣದ ವರ್ತಕನ ಗುರುತು: ಕಂಪನಿ ಶೋಧದ ಸಾಧನಗಳು ಮತ್ತು ಆನ್‌ಲೈನ್ ವ್ಯಾಪಾರ

ವ್ಯಾಪಾರ ಆನ್‌ಲೈನ್‌ಗೆ ಬಂದ ಮೇಲೆ ಸರಕಿನ ಬೆಲೆ, ಸಾಗಣೆಯ ವೇಗ, ಹಣ ಪಾವತಿಯ ರೀತಿ ಬದಲಾದದ್ದು ಎಲ್ಲರ ಅನುಭವಕ್ಕೆ ಬಂದಿದೆ. ಆದರೆ ಅದರ ಜೊತೆಗೇ ನಡೆದ ಇನ್ನೊಂದು ಪಲ್ಲಟ, ಎಂದರೆ ಎದುರಿನ ಪಕ್ಷ ಯಾರೆಂದು ತಿಳಿಯಲು ವರ್ತಕರು ತಲೆಮಾರುಗಳಿಂದ ನೆಚ್ಚಿಕೊಂಡಿದ್ದ ಗುರುತುಗಳು ಕೈಬಿಟ್ಟುಹೋದದ್ದು, ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗಾಗಲಿ ಶಿವಮೊಗ್ಗದ ಅಡಿಕೆ ಮಂಡಿಗಾಗಲಿ ಹೊಸ ಖರೀದಿದಾರನೊಬ್ಬ ಬಂದರೆ, ಅವನ ಊರು ಯಾವುದು, ಅಂಗಡಿ ಎಷ್ಟು ವರ್ಷದ್ದು, ಹಿಂದಿನ ಸುಗ್ಗಿಯ ಬಾಕಿ ತೀರಿಸಿದ್ದಾನೆಯೇ ಎಂಬ ವಿಚಾರಣೆ ದಲಾಲರ ಬಾಯಿಂದ ಬಾಯಿಗೆ ಸಾಗಿ ಬೇಗನೆ ಉತ್ತರ ದೊರೆಯುತ್ತಿತ್ತು. ಇಳಕಲ್ಲಿನ ನೇಕಾರರ ಗುಂಪಿಗೋ ಚನ್ನಪಟ್ಟಣದ ಆಟಿಕೆ ತಯಾರಕರಿಗೋ ದೂರದ ನಗರದಿಂದ ಇ-ಮೇಲ್‌ನಲ್ಲಿ ದೊಡ್ಡ ಆರ್ಡರ್ ಬಂದಾಗ, ಅಥವಾ ಗ್ರಾಹಕರೊಬ್ಬರು ಫೋನಿನಲ್ಲಿ ಕಂಡ ಜಾಹೀರಾತನ್ನು ನಂಬಿ ಮುಂಗಡ ಕಟ್ಟಬೇಕಾದಾಗ ಅಂಥ ವಿಚಾರಣೆಗೆ ದಾರಿಯಿಲ್ಲ. ಕೈಯಲ್ಲಿ ಇರುವುದು ಒಂದು ಹೆಸರು, ಒಂದು ಚಿಹ್ನೆ, ಒಂದು ಫೋನ್ ನಂಬರು ಮಾತ್ರ. ಆ ಹೆಸರಿನ ಹಿಂದೆ ಕಾನೂನಿನ ದೃಷ್ಟಿಯಲ್ಲಿ ಯಾರಿದ್ದಾರೆ ಎಂಬುದನ್ನು ಹುಡುಕಿಕೊಡುವ ಕಂಪನಿ ಶೋಧದ ಸಾಧನಗಳು ಇಷ್ಟು ಕಾಲ ಲೆಕ್ಕಪರಿಶೋಧಕರ ಮತ್ತು ವಕೀಲರ ಕಚೇರಿಯ ಉಪಕರಣಗಳಾಗಿದ್ದವು. ಅವು ಸಣ್ಣ ವರ್ತಕರ ನಿತ್ಯದ ಉಪಕರಣಗಳಾಗಬೇಕಾದ ಕಾಲ ಈಗ ಬಂದಿದೆ, ಮತ್ತು ಅವುಗಳ ಈಗಿನ ರಚನೆ ಆ ಕೆಲಸಕ್ಕೆ ಸಾಲದು.

ಅಪರಿಚಿತರ ನಡುವಿನ ವ್ಯವಹಾರಕ್ಕೆ ಸಾರ್ವಜನಿಕ ದಾಖಲೆಯೊಂದು ಆಧಾರವಾಗಬೇಕೆಂಬ ಆಲೋಚನೆ ಹೊಸದಲ್ಲ. ಬ್ರಿಟನ್ನಿನಲ್ಲಿ 1844ರ ಕಾಯ್ದೆ ಜಂಟಿ ಬಂಡವಾಳದ ಕಂಪನಿಗಳು ರಿಜಿಸ್ಟ್ರಾರರಲ್ಲಿ ನೋಂದಣಿಯಾಗುವ ಕ್ರಮವನ್ನು ಜಾರಿಗೆ ತಂದಿತು; ಅಲ್ಲಿ ಸೀಮಿತ ಹೊಣೆಯ ಸೌಲಭ್ಯ, ಅಂದರೆ ಕಂಪನಿ ಮುಳುಗಿದರೂ ಷೇರುದಾರನು ತಾನು ಹೂಡಿದ ಮೊತ್ತದಷ್ಟಕ್ಕೇ ನಷ್ಟ ಹೊರುವ ಏರ್ಪಾಡು, 1855ರಲ್ಲಿ ಬಂತು. ಭಾರತದಲ್ಲಿ 1850ರ ಕಾಯ್ದೆಯಿಂದ ನೋಂದಣಿ, 1857ರ ಕಾಯ್ದೆಯಿಂದ ಸೀಮಿತ ಹೊಣೆ ಆರಂಭವಾದವು. ಈ ಎರಡು ಸಂಗತಿಗಳು ಒಂದರ ಬೆನ್ನಿಗೊಂದು ಬಂದದ್ದರಲ್ಲಿ ಒಂದು ಒಪ್ಪಂದ ಅಡಗಿದೆ: ಸಾಲ ಕೊಟ್ಟವರು ಮಾಲೀಕರ ಮನೆ ಬಾಗಿಲಿಗೆ ಹೋಗಲಾಗದಂಥ ರಕ್ಷಣೆಯನ್ನು ಸಮಾಜವು ಕಂಪನಿಗೆ ಕೊಡುವುದಾದರೆ, ಅದಕ್ಕೆ ಬದಲಾಗಿ ಕಂಪನಿಯು ತನ್ನ ಹೆಸರು, ವಿಳಾಸ, ನಿರ್ದೇಶಕರು, ಬಂಡವಾಳ, ಸಾಲಗಳ ವಿವರವನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕು. 2013ರ ಕಂಪನಿಗಳ ಕಾಯ್ದೆಯ 399ನೇ ಪ್ರಕರಣವು ರಿಜಿಸ್ಟ್ರಾರರ ಬಳಿಯಿರುವ ದಾಖಲೆಗಳನ್ನು ಶುಲ್ಕ ಕೊಟ್ಟು ಪರಿಶೀಲಿಸುವ ಅಧಿಕಾರವನ್ನು ಯಾವುದೇ ವ್ಯಕ್ತಿಗೆ ಕೊಡುವುದು ಈ ಒಪ್ಪಂದದ ಇಂದಿನ ರೂಪ. ಕಂಪನಿ ಶೋಧವನ್ನು ಸರ್ಕಾರದ ಹೆಚ್ಚುವರಿ ಸೇವೆಯೆಂದು ಭಾವಿಸುವವರು ಈ ಇತಿಹಾಸವನ್ನು ಮರೆತಿದ್ದಾರೆ. ಹುಡುಕಿದರೂ ಸಿಗದ ದಾಖಲೆಯು ಸಾರ್ವಜನಿಕ ದಾಖಲೆಯೆನಿಸುವುದಿಲ್ಲವಾದ್ದರಿಂದ, ಶೋಧದ ಗುಣಮಟ್ಟವು ಸೀಮಿತ ಹೊಣೆಯ ನ್ಯಾಯಬದ್ಧತೆಯ ಒಂದು ಭಾಗವೇ ಆಗಿದೆ.

ಆನ್‌ಲೈನ್ ವ್ಯಾಪಾರದ ಮಟ್ಟಿಗೆ ಕಾನೂನು ಹಿಂದೆ ಬಿದ್ದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಕಂಪನಿಗಳ ಸ್ಥಾಪನೆಗೆ ಸಂಬಂಧಿಸಿದ 2014ರ ನಿಯಮಗಳಲ್ಲಿ 26ನೆಯದು, ಜಾಲತಾಣವಿರುವ ಪ್ರತಿಯೊಂದು ಕಂಪನಿಯೂ ಅದರ ಮುಖಪುಟದಲ್ಲಿ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಗುರುತಿನ ಸಂಖ್ಯೆ, ಫೋನ್, ಇ-ಮೇಲ್ ಮತ್ತು ದೂರುಗಳಿಗೆ ಸಂಪರ್ಕಿಸಬೇಕಾದವರ ಹೆಸರನ್ನು ಪ್ರಕಟಿಸಬೇಕೆಂದು ಹೇಳುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು, ಹಲವು ಮಾರಾಟಗಾರರು ಸೇರುವ ಆನ್‌ಲೈನ್ ಮಾರುಕಟ್ಟೆಗಳು ಪ್ರತಿ ಮಾರಾಟಗಾರನ ವ್ಯವಹಾರದ ಹೆಸರು, ಅದು ನೋಂದಣಿಯಾಗಿದೆಯೇ ಇಲ್ಲವೇ, ಅದರ ಭೌಗೋಳಿಕ ವಿಳಾಸ ಯಾವುದು ಎಂಬುದನ್ನು ತೋರಿಸಬೇಕೆಂದೂ, ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳಲ್ಲಿ ಪರಿಹರಿಸಬೇಕೆಂದೂ ವಿಧಿಸುತ್ತವೆ. ಆದರೂ ಮೋಸದ ಜಾಲತಾಣಗಳು ನಡೆಯುತ್ತಲೇ ಇರುವುದಕ್ಕೆ ಕಾರಣ ಸರಳವಾಗಿದೆ: ಮುಖಪುಟದಲ್ಲಿ ಬರೆದದ್ದು ನಿಜವೇ ಎಂದು ಪರೀಕ್ಷಿಸುವ ಹೆಜ್ಜೆ ಓದುಗರ ಕಡೆಯಿಂದ ನಡೆಯಬೇಕು, ಆ ಹೆಜ್ಜೆ ಇಡುವವರಿಗೆ ಮೊದಲ ತಡೆ ಹೆಸರಿನಲ್ಲೇ ಎದುರಾಗುತ್ತದೆ. ಗ್ರಾಹಕರಿಗೆ ಕಾಣುವುದು ಬ್ರ್ಯಾಂಡ್, ಅಂದರೆ ಸರಕಿಗೆ ಅಂಟಿಸಿದ ಹೆಸರು. ಬಿಲ್ಲಿನಲ್ಲಿ ಇರುವುದು ವ್ಯಾಪಾರಿ ಹೆಸರು, ಅಂದರೆ ಅಂಗಡಿಯನ್ನು ಕರೆಯುವ ಹೆಸರು. ಕಂಪನಿಗಳ ದಾಖಲೆಯಲ್ಲಿ ಇರುವುದು ಕಾನೂನುಬದ್ಧ ಹೆಸರು. ಈ ಮೂರರ ನಡುವೆ ಒಂದಕ್ಷರದ ಹೋಲಿಕೆಯೂ ಇಲ್ಲದಿರಬಹುದು, ಮೂರೂ ಬೇರೆ ಬೇರೆ ಕಚೇರಿಗಳ ದಾಖಲೆಗಳಲ್ಲಿ ಇರುತ್ತವೆ, ಮತ್ತು ಒಂದರಿಂದ ಇನ್ನೊಂದಕ್ಕೆ ಸಾಗುವ ಕೊಂಡಿಯನ್ನು ಯಾವ ಕಚೇರಿಯೂ ತನ್ನ ಹೊಣೆಯೆಂದು ಭಾವಿಸಿಲ್ಲ. ಜಾಲತಾಣದ ಹೆಸರಿನ ಒಡೆಯರು ಯಾರೆಂದು ತೋರಿಸುತ್ತಿದ್ದ ಹಳೆಯ ದಾರಿಯೂ 2018ರಲ್ಲಿ ಐರೋಪ್ಯ ಒಕ್ಕೂಟದ ಖಾಸಗಿತನದ ನಿಯಮಗಳು ಜಾರಿಗೆ ಬಂದ ಮೇಲೆ ಬಹುಮಟ್ಟಿಗೆ ಮುಚ್ಚಿಹೋಯಿತು.

ಹೆಸರು ಕೈಕೊಟ್ಟಾಗ ಆಸರೆಯಾಗುವುದು ಸಂಖ್ಯೆ. ಭಾರತದಲ್ಲಿ ಪ್ರತಿ ಕಂಪನಿಗೆ 21 ಅಕ್ಷರ-ಅಂಕಿಗಳ ಕಾರ್ಪೊರೇಟ್ ಗುರುತಿನ ಸಂಖ್ಯೆ ಇದೆ. ಇದನ್ನು ಲೆಕ್ಕಪರಿಶೋಧಕರು ಸಿಐಎನ್ ಅಥವಾ ಸಿನ್ ಎಂದು ಕರೆಯುತ್ತಾರೆ. ಇನ್ಫೊಸಿಸ್ ಕಂಪನಿಯು ತನ್ನ ಪ್ರಕಟಣೆಗಳಲ್ಲೆಲ್ಲ ಮುದ್ರಿಸುವ ಎಲ್ 85110 ಕೆಎ 1981 ಪಿಎಲ್‌ಸಿ 013115 ಎಂಬ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಅದರ ರಚನೆ ಅರ್ಥವಾಗುತ್ತದೆ. ಮೊದಲ ಅಕ್ಷರವು ಕಂಪನಿಯು ಷೇರು ವಿನಿಮಯ ಕೇಂದ್ರದ ಪಟ್ಟಿಯಲ್ಲಿದೆಯೇ ಎಂಬುದನ್ನು ಹೇಳುತ್ತದೆ, ಪಟ್ಟಿಯಲ್ಲಿಲ್ಲದವಕ್ಕೆ ಎಲ್ ಬದಲು ಯು ಇರುತ್ತದೆ. ಮುಂದಿನ ಐದು ಅಂಕಿಗಳು ಉದ್ಯಮದ ವರ್ಗ. ಆಮೇಲಿನ ಎರಡು ಅಕ್ಷರ ರಾಜ್ಯ. ನಾಲ್ಕು ಅಂಕಿಗಳು ಸ್ಥಾಪನೆಯ ವರ್ಷ. ಮೂರು ಅಕ್ಷರಗಳು ಪಬ್ಲಿಕ್ ಕಂಪನಿಯೋ ಪ್ರೈವೇಟ್ ಕಂಪನಿಯೋ ಏಕವ್ಯಕ್ತಿ ಕಂಪನಿಯೋ ಎಂಬುದನ್ನೂ, ಕೊನೆಯ ಆರು ಅಂಕಿಗಳು ನೋಂದಣಿಯ ಕ್ರಮಸಂಖ್ಯೆಯನ್ನೂ ಸೂಚಿಸುತ್ತವೆ. ದಶಕಗಳಿಂದ ನಡೆಯುತ್ತಿದೆಯೆಂದು ಹೇಳಿಕೊಳ್ಳುವ ಸಂಸ್ಥೆಯ ಸಂಖ್ಯೆಯಲ್ಲಿ ಕಳೆದ ವರ್ಷದ ಅಂಕಿಗಳಿದ್ದರೆ, ಬೇರೆ ಯಾವ ಶೋಧಕ್ಕೂ ಮೊದಲು ಅದೊಂದೇ ಎಚ್ಚರಿಕೆಗೆ ಸಾಕು.

ಆದರೆ ಇಷ್ಟೊಂದು ಅರ್ಥವನ್ನು ಹೊತ್ತಿರುವುದೇ ಈ ಸಂಖ್ಯೆಯ ದೋಷವೂ ಹೌದು. ಕಂಪನಿ ಷೇರುಪೇಟೆಗೆ ಪ್ರವೇಶಿಸಿದರೆ, ನೋಂದಾಯಿತ ಕಚೇರಿ ಇನ್ನೊಂದು ರಾಜ್ಯಕ್ಕೆ ಹೋದರೆ, ಪ್ರೈವೇಟ್ ಕಂಪನಿ ಪಬ್ಲಿಕ್ ಆದರೆ ಸಂಖ್ಯೆಯೇ ಬದಲಾಗುತ್ತದೆ. ಇನ್ಫೊಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ ಬಳಿಕ ಬೆಂಗಳೂರಿಗೆ ಬಂದ ಸಂಸ್ಥೆ. ಅದರ ಸಂಖ್ಯೆಯಲ್ಲಿರುವ ಕೆಎ ಎಂಬುದು ಹುಟ್ಟೂರನ್ನು ಹೇಳದೆ ಈಗಿನ ನೆಲೆಯನ್ನು ಹೇಳುತ್ತದೆ. ಹಳೆಯ ಬಿಲ್ಲಿನಲ್ಲಿರುವ ಸಂಖ್ಯೆಯಿಂದ ಹುಡುಕುವವರಿಗೆ ಹೊಸ ಸಂಖ್ಯೆಯ ಕಂಪನಿ ಸಿಗಬೇಕಾದರೆ ಹಿಂದಿನ ಎಲ್ಲ ಸಂಖ್ಯೆಗಳನ್ನೂ ಹಿಂದಿನ ಎಲ್ಲ ಹೆಸರುಗಳನ್ನೂ ಶೋಧದ ಸೂಚಿಯಲ್ಲಿ ಇಟ್ಟುಕೊಂಡಿರಬೇಕು. ಬ್ರಿಟನ್ನಿನ ಕಂಪನಿ ಸಂಖ್ಯೆ ಎಂಟೇ ಸ್ಥಾನಗಳದು, ಹೆಸರು ಎಷ್ಟು ಸಲ ಬದಲಾದರೂ ಅದು ಬದಲಾಗದು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಯಾವ ಸಂಸ್ಥೆ ಯಾರಿಗೆ ಎಷ್ಟು ಕೊಡಬೇಕೆಂಬುದೇ ತಿಳಿಯದೆ ಹೋದ ಅನುಭವದಿಂದ ರೂಪುಗೊಂಡ ಎಲ್‌ಇಐ ಎಂಬ 20 ಸ್ಥಾನಗಳ ಜಾಗತಿಕ ಗುರುತು ಕೂಡ ಉದ್ದೇಶಪೂರ್ವಕವಾಗಿ ಅರ್ಥರಹಿತವಾಗಿದೆ. ಅದರ ಕೊನೆಯ ಎರಡು ಅಂಕಿಗಳು ಪರೀಕ್ಷಾ ಅಂಕಿಗಳು, ಅಂದರೆ ಬರೆಯುವಾಗ ತಪ್ಪಾದರೆ ಲೆಕ್ಕ ತಾಳೆಯಾಗದೆ ತಪ್ಪು ಸಿಕ್ಕಿಬೀಳುವಂತೆ ಸೇರಿಸಿದವು. ಭಾರತದಲ್ಲಿ ರಿಸರ್ವ್ ಬ್ಯಾಂಕು 2021ರ ಏಪ್ರಿಲ್‌ನಿಂದ ಸಂಸ್ಥೆಗಳು ಮಾಡುವ 50 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಪಾವತಿಗಳಿಗೆ ಇದನ್ನು ಕಡ್ಡಾಯಗೊಳಿಸಿದೆ. ದೊಡ್ಡ ಹಣಕ್ಕೆ ಒದಗಿದ ಈ ವಿವೇಕ ಐವತ್ತು ಸಾವಿರದ ಆರ್ಡರಿಗೂ ಒದಗಬೇಕು.

ಜಿಎಸ್‌ಟಿ ಸಂಖ್ಯೆಯ ಕಥೆ ಇನ್ನೂ ಉಪಯುಕ್ತವಾದದ್ದು, ಏಕೆಂದರೆ ಕಂಪನಿಗಳಲ್ಲದ ವರ್ತಕರ ಬಳಿಯೂ ಅದು ಇರುತ್ತದೆ. ಅದರ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕೊನೆಯದು ಪರೀಕ್ಷಾ ಅಕ್ಷರ. ಪ್ಯಾನ್‌ನ ನಾಲ್ಕನೆಯ ಅಕ್ಷರವು ಅದನ್ನು ಹೊಂದಿರುವವರು ಯಾವ ಬಗೆಯವರೆಂದು ಹೇಳುವುದರಿಂದ, ಜಿಎಸ್‌ಟಿ ಸಂಖ್ಯೆಯ ಆರನೆಯ ಸ್ಥಾನವನ್ನು ನೋಡಿದರೆ ಎದುರಿಗಿರುವುದು ಕಂಪನಿಯೇ, ಪಾಲುದಾರಿಕೆ ಸಂಸ್ಥೆಯೇ, ಒಬ್ಬ ವ್ಯಕ್ತಿಯೇ ಎಂಬುದು ತಿಳಿಯುತ್ತದೆ: ಸಿ ಎಂದಿದ್ದರೆ ಕಂಪನಿ, ಎಫ್ ಎಂದಿದ್ದರೆ ಪಾಲುದಾರಿಕೆ, ಪಿ ಎಂದಿದ್ದರೆ ವ್ಯಕ್ತಿ. ಲೆಟರ್‌ಹೆಡ್ಡಿನಲ್ಲಿ ಪ್ರೈವೇಟ್ ಲಿಮಿಟೆಡ್ ಎಂದು ಬರೆದುಕೊಂಡಿರುವ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯ ಆರನೆಯ ಸ್ಥಾನದಲ್ಲಿ ಪಿ ಕಂಡರೆ ಎರಡರಲ್ಲಿ ಒಂದು ಸುಳ್ಳು. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಈ ಸಂಖ್ಯೆ ಕೊಟ್ಟರೆ ಕಾನೂನುಬದ್ಧ ಹೆಸರು, ವ್ಯಾಪಾರಿ ಹೆಸರು, ನೋಂದಣಿಯ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು, ರಿಟರ್ನ್ ಸಲ್ಲಿಸಿದ ವಿವರ ಎಲ್ಲವೂ ಉಚಿತವಾಗಿ ದೊರೆಯುತ್ತವೆ. ಸಣ್ಣ ವರ್ತಕರಿಗೆ ಸದ್ಯ ಲಭ್ಯವಿರುವ ಸಾಧನಗಳಲ್ಲಿ ಇದಕ್ಕಿಂತ ಪ್ರಯೋಜನಕಾರಿಯಾದದ್ದು ಬಹುಶಃ ಇನ್ನೊಂದಿಲ್ಲ. ಅಷ್ಟಾಗಿಯೂ ಅದು ಸಂಖ್ಯೆ ಕೈಯಲ್ಲಿದ್ದವರಿಗೇ ಹೆಚ್ಚು ನೆರವಾಗುತ್ತದೆ. ಇದರ ಜೊತೆಗೆ ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಯಲ್ಲಿ ಕರ್ನಾಟಕಕ್ಕೆ ಕೆಆರ್ ಎಂಬ ಸಂಕೇತವಿದೆ. ಹೀಗೆ ಒಂದೇ ರಾಜ್ಯ ಒಂದು ದಾಖಲೆಯಲ್ಲಿ ಕೆಎ, ಇನ್ನೊಂದರಲ್ಲಿ 29, ಮತ್ತೊಂದರಲ್ಲಿ ಕೆಆರ್ ಆಗಿರುವುದು ಚಿಕ್ಕ ಸಂಗತಿಯಂತೆ ಕಂಡರೂ, ದಾಖಲೆಗಳು ಪರಸ್ಪರ ಮಾತಾಡುವಂತೆ ಕಟ್ಟಲ್ಪಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಾಗಿದೆ.

ಸಂಖ್ಯೆ ಇಲ್ಲದೆ ಹೆಸರಿನಿಂದಲೇ ಹುಡುಕಬೇಕಾದಾಗ ಕನ್ನಡಿಗರು ಎದುರಿಸುವ ತೊಡಕು ಇನ್ನೂ ಆಳವಾದದ್ದು. ಗೀತಾ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘ ಈಕಾರಕ್ಕೆ ಒಬ್ಬರು ಐ ಬಳಸಿದರೆ ಇನ್ನೊಬ್ಬರು ಎರಡು ಇ ಬಳಸುತ್ತಾರೆ. ತಕಾರಕ್ಕೆ ಉತ್ತರದವರು ಬರೀ ಟಿ ಬರೆದರೆ ದಕ್ಷಿಣದವರು ಟಿ ಜೊತೆ ಎಚ್ ಸೇರಿಸುತ್ತಾರೆ. ಹೀಗೆ ಎರಡು ಅಕ್ಷರಗಳ ಒಂದು ಹೆಸರಿಗೆ ನಾಲ್ಕು ರೂಪಗಳು ಸಿದ್ಧವಾಗುತ್ತವೆ. ಲಕ್ಷ್ಮಿಗೆ ಎಕ್ಸ್ ಹಾಕುವವರಿದ್ದಾರೆ, ಕೆ ಎಸ್ ಎಚ್ ಬರೆಯುವವರಿದ್ದಾರೆ. ಗೌಡ ಎಂಬಲ್ಲಿ ಒಬ್ಬರು ಡಬ್ಲ್ಯು, ಒಬ್ಬರು ಯು ಬರೆಯುತ್ತಾರೆ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ಶೋಧ ಇಂಥ ಹೆಸರುಗಳ ಮುಂದೆ ಸೋಲುತ್ತದೆ, ಮತ್ತು ಆ ಸೋಲು ಹುಡುಕುವವರಿಗೆ ಸೋಲಾಗಿ ಕಾಣದೆ ಅಂಥ ಕಂಪನಿಯೇ ಇಲ್ಲವೆಂಬ ಉತ್ತರವಾಗಿ ಕಾಣುವುದು ಹೆಚ್ಚು ಅಪಾಯಕರ.

ಉಚ್ಚಾರಣೆಯ ಆಧಾರದ ಮೇಲೆ ಹುಡುಕುವ ವಿಧಾನಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಪದ್ಧತಿಯು ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಚ್ಚಾರಣೆಯಲ್ಲಿ ಹತ್ತಿರವಾದ ವ್ಯಂಜನಗಳಿಗೆ ಒಂದೇ ಅಂಕಿ ಕೊಟ್ಟು ಹೆಸರನ್ನು ಸಣ್ಣ ಸಂಕೇತವಾಗಿ ಮಾರ್ಪಡಿಸುತ್ತದೆ. ಲಕ್ಷ್ಮಿಯ ಎರಡೂ ಕಾಗುಣಿತಗಳು ಈ ಪದ್ಧತಿಯಲ್ಲಿ ಎಲ್250 ಎಂಬ ಒಂದೇ ಸಂಕೇತಕ್ಕೆ ಬಂದು ನಿಲ್ಲುತ್ತವೆ. ಆದರೆ ಜ್ಞಾನ ಎಂಬ ಹೆಸರನ್ನು ಜೆ ಎನ್ ಎಂದು ಆರಂಭಿಸಿದರೆ ಜೆ550, ಜಿ ಎನ್ ಎಂದು ಆರಂಭಿಸಿದರೆ ಜಿ550, ಜಿ ವೈ ಎಂದು ಆರಂಭಿಸಿದರೆ ಜಿ500 ಆಗಿ ಮೂರು ಕಡೆ ಚೆದುರುತ್ತದೆ. ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಳ್ಳುವ ಮತ್ತು ಇಂಗ್ಲಿಷ್ ಹೆಸರುಗಳ ಕಿವಿಯಿಂದ ಹುಟ್ಟಿದ ಪದ್ಧತಿಗೆ ಇದು ಸಹಜ. ಇನ್ನೊಂದು ಮಾರ್ಗವೆಂದರೆ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ನಿರೂಪಿಸಿದ ತಿದ್ದುಪಡಿಯ ಅಂತರ: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಎಣಿಕೆ. ಗೌಡದ ಎರಡು ರೂಪಗಳ ನಡುವಿನ ಅಂತರ ಒಂದು; ಆದರೆ ರಾಮಾ ಮತ್ತು ರೋಮಾ ಎಂಬ ಬೇರೆ ಬೇರೆ ಹೆಸರುಗಳ ನಡುವಿನ ಅಂತರವೂ ರೋಮನ್ ಲಿಪಿಯಲ್ಲಿ ಒಂದೇ. ಆದ್ದರಿಂದ ಎಲ್ಲ ಬದಲಾವಣೆಗಳನ್ನೂ ಸಮಾನವಾಗಿ ಎಣಿಸದೆ, ಯು ಮತ್ತು ಡಬ್ಲ್ಯು, ವಿ ಮತ್ತು ಡಬ್ಲ್ಯು, ಟಿ ಮತ್ತು ಟಿ ಎಚ್ ನಡುವಿನ ಬದಲಾವಣೆಗೆ ಕಡಿಮೆ ತೂಕವನ್ನೂ ಉಳಿದವಕ್ಕೆ ಹೆಚ್ಚು ತೂಕವನ್ನೂ ಕೊಡುವ ಶೋಧ ಬೇಕು. ಇದಕ್ಕೆ ಬೇಕಾದ ಗುಂಪುಗಳನ್ನು ಹೊಸದಾಗಿ ಹುಡುಕುವ ಅಗತ್ಯವೂ ಇಲ್ಲ. ಕನ್ನಡ ವರ್ಣಮಾಲೆಯ ಕವರ್ಗದಿಂದ ಪವರ್ಗದವರೆಗಿನ ವ್ಯಂಜನಗಳು ಉಚ್ಚಾರಣೆಯ ಸ್ಥಾನಕ್ಕನುಗುಣವಾಗಿಯೇ ಜೋಡಣೆಯಾಗಿದ್ದು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದಾಗಿ ಎಣಿಸಿ, ತಕಾರ ಟಕಾರಗಳನ್ನು ಹತ್ತಿರದ ನೆಂಟರೆಂದು ಪರಿಗಣಿಸಿದರೆ ಭಾರತದ ಹೆಸರುಗಳಿಗೆ ಒಗ್ಗುವ ಧ್ವನಿಸಂಕೇತ ಬಹುಪಾಲು ಸಿದ್ಧವಾಗುತ್ತದೆ.

ಈ ವಿಷಯದಲ್ಲಿ ಕಾನೂನು ತಂತ್ರಜ್ಞಾನಕ್ಕಿಂತ ಮುಂದಿದೆ. ಹೊಸ ಕಂಪನಿಗೆ ಹೆಸರು ಕೊಡುವಾಗ, ಏಕವಚನ ಬಹುವಚನದ ವ್ಯತ್ಯಾಸ, ವಿರಾಮಚಿಹ್ನೆ, ಪದಗಳ ನಡುವಿನ ತೆರಪು, ಉಚ್ಚಾರಣೆ ಒಂದೇ ಆಗಿರುವ ಬೇರೆ ಕಾಗುಣಿತ ಇವುಗಳಿಂದ ಮಾತ್ರ ಬೇರೆಯಾದ ಹೆಸರು ಹೊಸ ಹೆಸರಾಗುವುದಿಲ್ಲವೆಂದು ನಿಯಮಗಳು ಹೇಳುತ್ತವೆ. ಹೆಸರು ಬೇಡುವವರಿಗೆ ಅನ್ವಯಿಸುವ ಈ ತಿಳಿವಳಿಕೆ ಹೆಸರು ಹುಡುಕುವವರಿಗೂ ಅನ್ವಯಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಇನ್ನೂ ಗಮನಾರ್ಹವಾದದ್ದು ಕಾಯ್ದೆಯ 12ನೇ ಪ್ರಕರಣ: ಕಂಪನಿಯು ತಾನು ವ್ಯವಹಾರ ನಡೆಸುವ ಪ್ರತಿಯೊಂದು ಸ್ಥಳದ ಹೊರಗೆ ತನ್ನ ಹೆಸರು ಮತ್ತು ನೋಂದಾಯಿತ ಕಚೇರಿಯ ವಿಳಾಸವನ್ನು ಬರೆಸಬೇಕು, ಆ ಲಿಪಿ ಸ್ಥಳೀಯವಾಗಿ ಬಳಕೆಯಲ್ಲಿರುವ ಭಾಷೆಯದಲ್ಲದಿದ್ದರೆ ಸ್ಥಳೀಯ ಭಾಷೆಯ ಲಿಪಿಯಲ್ಲೂ ಬರೆಸಬೇಕು ಎಂದು ಅದು ವಿಧಿಸುತ್ತದೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕಚೇರಿ ತೆರೆದ ಕಂಪನಿಗೆ ಹೀಗೆ ಕಾನೂನಿನ ಬಲದಿಂದಲೇ ಕನ್ನಡದ ಹೆಸರೊಂದು ಇರುತ್ತದೆ; ಆದರೆ ಬೋರ್ಡಿನ ಮೇಲೆ ಕಡ್ಡಾಯವಾಗಿರುವ ಆ ಹೆಸರು ಕಂಪನಿಯನ್ನು ಹುಡುಕುವ ದಾರಿಯಾಗಿ ಒದಗುವುದಿಲ್ಲ. ನೋಂದಣಿಯ ಅರ್ಜಿಯಲ್ಲಿ ಸ್ಥಳೀಯ ಲಿಪಿಯ ಹೆಸರಿಗೂ ಒಂದು ಅಂಕಣ ಸೇರಿಸಿದರೆ, ಕಂಪನಿಯೇ ತನ್ನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಹೇಳಿಬಿಡುತ್ತದೆ, ಯಂತ್ರವು ಊಹಿಸಬೇಕಾದ ಕೆಲಸ ಅರ್ಧ ಕಡಿಮೆಯಾಗುತ್ತದೆ. ಕನ್ನಡದಲ್ಲಿ ಹುಡುಕುವುದಕ್ಕೂ ಅದರದೇ ಸೂಕ್ಷ್ಮಗಳಿವೆ. ಯೂನಿಕೋಡ್‌ನಲ್ಲಿ ಸೂರ್ಯ ಎಂಬ ಪದವನ್ನು ಅರ್ಕಾವೊತ್ತಿನಿಂದ ಬರೆದರೆ ಒಂದು ಸಂಕೇತಮಾಲೆ, ರಕಾರದ ಕೆಳಗೆ ಯಕಾರದ ಒತ್ತು ಬರುವಂತೆ ಬರೆದರೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಸೇರಿ ಇನ್ನೊಂದು ಸಂಕೇತಮಾಲೆ ಆಗುತ್ತದೆ. ಓದುವವರಿಗೆ ಒಂದೇ ಆದ ಪದ ಯಂತ್ರಕ್ಕೆ ಎರಡಾಗುತ್ತದೆ. ಸೂಚಿ ಕಟ್ಟುವ ಮೊದಲೇ ಇಂಥ ಭೇದಗಳನ್ನು ಅಳಿಸಿ ಏಕರೂಪಕ್ಕೆ ತರುವುದು ಕಷ್ಟದ ಕೆಲಸವಲ್ಲ, ಆದರೆ ಯಾರಾದರೂ ನೆನಪಿಟ್ಟು ಮಾಡಬೇಕು.

ಉದಾರವಾಗಿ ಹೊಂದಿಸುವ ಶೋಧಕ್ಕೆ ಎದುರಿನ ಅಪಾಯವೂ ಇದೆ. ಶೋಧಶಾಸ್ತ್ರದಲ್ಲಿ ಎರಡು ಅಳತೆಗಳನ್ನು ಒಟ್ಟಿಗೆ ನೋಡುತ್ತಾರೆ: ತೋರಿಸಿದವುಗಳಲ್ಲಿ ಸರಿಯಾದವು ಎಷ್ಟು ಎಂಬ ನಿಖರತೆ, ಸರಿಯಾದವುಗಳಲ್ಲಿ ತೋರಿಸಿದವು ಎಷ್ಟು ಎಂಬ ವ್ಯಾಪ್ತಿ. ಕಾಗುಣಿತ ಭೇದವನ್ನು ಸಹಿಸಿಕೊಂಡಂತೆ ವ್ಯಾಪ್ತಿ ಹೆಚ್ಚುತ್ತದೆ, ನಿಖರತೆ ಕುಗ್ಗುತ್ತದೆ. ಮಂಜುನಾಥ, ವೆಂಕಟೇಶ್ವರ, ಬಸವೇಶ್ವರ ಎಂಬ ದೈವ ಮತ್ತು ಶರಣರ ಹೆಸರುಗಳು ಊರೂರಿನ ಅಂಗಡಿಗಳಿಗೆ ಇರುವ ನಾಡಿನಲ್ಲಿ ಹೆಸರೊಂದರಿಂದಲೇ ಸಂಸ್ಥೆಯನ್ನು ಗುರುತಿಸುವುದು ಅಸಾಧ್ಯ. ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದ, ಇಂದಿನ ಶೋಧಯಂತ್ರಗಳಿಗೆಲ್ಲ ತಳಹದಿಯಾದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ: ಸಂಗ್ರಹದಲ್ಲಿ ಅಪರೂಪವಾದ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ. ಪ್ರೈವೇಟ್, ಲಿಮಿಟೆಡ್, ಟ್ರೇಡರ್ಸ್, ಎಂಟರ್‌ಪ್ರೈಸಸ್, ಶ್ರೀ ಎಂಬ ಪದಗಳು ಹೊಂದಿದ ಮಾತ್ರಕ್ಕೆ ಫಲಿತಾಂಶ ಮೇಲೆ ಬರಬಾರದು. ಊರಿನ ಹೆಸರೋ ಅಪರೂಪದ ಮನೆತನದ ಹೆಸರೋ ಹೊಂದಿದರೆ ಮೇಲೆ ಬರಬೇಕು. ಅದರ ಜೊತೆಗೆ ಜಿಲ್ಲೆ, ಪಿನ್ ಕೋಡ್, ಸ್ಥಾಪನೆಯ ವರ್ಷ, ಉದ್ಯಮದ ಬಗೆ ಇವುಗಳಿಂದ ಫಲಿತಾಂಶಗಳನ್ನು ಸೋಸುವ ಅವಕಾಶವಿರಬೇಕು.

ಸಿಕ್ಕ ಕಂಪನಿಯ ಬಗ್ಗೆ ಪುಟವು ಏನು ಹೇಳಬೇಕು ಎಂಬುದು ಮುಂದಿನ ಪ್ರಶ್ನೆ, ಮತ್ತು ಬಹುಮಂದಿ ತಪ್ಪುವುದು ಇಲ್ಲಿಯೇ. ಅಧಿಕೃತ ಬಂಡವಾಳ ಎಂಬ ಸಾಲಿನ ಮುಂದೆ ದೊಡ್ಡ ಮೊತ್ತ ಕಂಡು ಕಂಪನಿ ಶ್ರೀಮಂತವೆಂದು ತಿಳಿಯುವವರು ಅನೇಕರು. ಅದು ಕಂಪನಿಯು ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಹೊರಡಿಸಬಹುದು ಎಂಬ ಮಿತಿಯಷ್ಟೇ, ಒಳಗಿರುವ ಹಣವಲ್ಲ. ಷೇರುದಾರರು ನಿಜವಾಗಿ ಕೊಟ್ಟದ್ದು ಪಾವತಿಯಾದ ಬಂಡವಾಳ, ಅದಕ್ಕೂ ಇದ್ದ ಕನಿಷ್ಠ ಮಿತಿಯನ್ನು 2015ರ ತಿದ್ದುಪಡಿ ತೆಗೆದುಹಾಕಿತು. ಹೆಚ್ಚು ಬೆಲೆಬಾಳುವ ಸಂಗತಿಗಳು ಬೇರೆಡೆ ಇವೆ. ವಾರ್ಷಿಕ ಲೆಕ್ಕಪತ್ರವನ್ನು ಕೊನೆಯ ಬಾರಿ ಸಲ್ಲಿಸಿದ್ದು ಯಾವಾಗ. ಕಂಪನಿಯ ಆಸ್ತಿಯ ಮೇಲೆ ಬ್ಯಾಂಕುಗಳಿಗೆ ನೋಂದಾಯಿತ ಹಕ್ಕು, ಅಂದರೆ ಚಾರ್ಜ್, ಎಷ್ಟಿದೆ. ಸ್ಥಿತಿ ಚಾಲ್ತಿಯೋ, ಸುಪ್ತವೋ, ಪಟ್ಟಿಯಿಂದ ತೆಗೆದುಹಾಕಲ್ಪಟ್ಟದ್ದೋ. 2017ರಲ್ಲಿ ಸರ್ಕಾರ ವರ್ಷಗಳಿಂದ ಲೆಕ್ಕ ಸಲ್ಲಿಸದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ದಾಖಲೆಯಿಂದ ಅಳಿಸಿದಾಗ, ಹೆಸರು ಇದ್ದ ಮಾತ್ರಕ್ಕೆ ಕಂಪನಿ ಬದುಕಿದೆಯೆಂದು ಭಾವಿಸುವುದು ಎಂಥ ತಪ್ಪು ಎಂಬುದು ಸ್ಪಷ್ಟವಾಯಿತು. ಪ್ರತಿ ನಿರ್ದೇಶಕನಿಗೂ ಎಂಟು ಅಂಕಿಗಳ ಸಂಖ್ಯೆಯೊಂದು ಇರುವುದರಿಂದ, ಅದರ ಎಳೆ ಹಿಡಿದು ಅದೇ ವ್ಯಕ್ತಿ ಇನ್ನಾವ ಕಂಪನಿಗಳಲ್ಲಿದ್ದಾನೆ, ಅವುಗಳ ಗತಿ ಏನಾಯಿತು ಎಂದು ನೋಡುವುದೂ ಸಾಧ್ಯ. ಒಂದರ ನಂತರ ಒಂದು ಕಂಪನಿ ತೆರೆದು, ಮುಂಗಡ ಪಡೆದು, ಮುಚ್ಚುವವರನ್ನು ಹಿಡಿಯಲು ಇದಕ್ಕಿಂತ ಸಮರ್ಥವಾದ ಶೋಧ ಇಲ್ಲ.

ಇವೆಲ್ಲಕ್ಕಿಂತ ಸಣ್ಣ ಮಾರಾಟಗಾರರಿಗೆ ಮುಖ್ಯವಾದ ಮಾಹಿತಿ ಇನ್ನೊಂದಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ತಡೆಯುವಂತಿಲ್ಲ. ಹಾಗೆ ತಡೆದಿರುವ ಕಂಪನಿಗಳು 2019ರಿಂದ ಅರ್ಧ ವರ್ಷಕ್ಕೊಮ್ಮೆ ಅದರ ವಿವರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಮಾಹಿತಿ ಸರ್ಕಾರದ ಕೈಯಲ್ಲಿ ಇದೆ. ಆರ್ಡರ್ ಒಪ್ಪಿಕೊಳ್ಳುವ ಮೊದಲು ಖರೀದಿದಾರ ಕಂಪನಿಯ ಹೆಸರು ಹುಡುಕುವ ಇಳಕಲ್ಲಿನ ನೇಕಾರರ ಸಂಘಕ್ಕೆ ಮೊದಲ ಪುಟದಲ್ಲೇ ಈ ಬಾಕಿಯ ಸಾಲು ಕಾಣುವಂತಾದರೆ, ಸಾಲ ಕೊಟ್ಟು ಕೈಸುಟ್ಟುಕೊಂಡ ಮೇಲೆ ದೂರು ಸಲ್ಲಿಸುವ ದೀರ್ಘ ದಾರಿಯಲ್ಲಿ ಎಷ್ಟೋ ಮಂದಿ ನಡೆಯಬೇಕಾಗಿ ಬರುವುದಿಲ್ಲ. ಶೋಧದ ಸುಧಾರಣೆಯಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಬೇಕೆಂದರೆ ಇದನ್ನೇ ಆರಿಸಿಕೊಳ್ಳಬೇಕು.

ಕಂಪನಿಗಳ ದಾಖಲೆ ಎಷ್ಟೇ ಸುಧಾರಿಸಿದರೂ ಭಾರತದ ವರ್ತಕರಲ್ಲಿ ಬಹುಪಾಲು ಜನ ಅದರ ಹೊರಗಿದ್ದಾರೆ. ಒಬ್ಬರೇ ಮಾಲೀಕರಾಗಿರುವ ಅಂಗಡಿಗಳಿಗೆ ಪ್ರತ್ಯೇಕವಾದ ರಾಷ್ಟ್ರೀಯ ನೋಂದಣಿ ಪುಸ್ತಕವಿಲ್ಲ. ಪಾಲುದಾರಿಕೆ ಸಂಸ್ಥೆಗಳ ನೋಂದಣಿ 1932ರ ಕಾಯ್ದೆಯಂತೆ ರಾಜ್ಯಗಳ ಕೈಯಲ್ಲಿದೆ, ಅದೂ ಕಡ್ಡಾಯವಲ್ಲ. ನೋಂದಣಿಯಾಗದ ಸಂಸ್ಥೆ ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು ಎಂಬುದು ಅದರ ಮುಖ್ಯ ಪರಿಣಾಮ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸರಕು ಮಾರುವವರು ವಹಿವಾಟು ಎಷ್ಟೇ ಚಿಕ್ಕದಾಗಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಿದ್ದ ನಿಯಮವನ್ನು 2023ರ ಅಕ್ಟೋಬರ್ 1ರಿಂದ ಸಡಿಲಿಸಿ, ರಾಜ್ಯದೊಳಗೇ ಮಾರುವ ಸಣ್ಣವರಿಗೆ ಬರೀ ದಾಖಲಾತಿ ಸಂಖ್ಯೆಯೊಂದು ಸಾಕೆಂದು ಮಾಡಲಾಯಿತು. ಉಪ್ಪಿನಕಾಯಿ, ಸಂಡಿಗೆ, ಹೊಲಿದ ಬಟ್ಟೆ ಮಾರುವ ಮನೆಗಳಿಗೆ ಇದು ನಿಜವಾದ ಅನುಕೂಲ. ಅದರೊಂದಿಗೆ ಅವರ ಪ್ರಾಮಾಣಿಕತೆಯನ್ನು ಅಪರಿಚಿತ ಗ್ರಾಹಕರು ಪರೀಕ್ಷಿಸಿ ನೋಡುವ ದಾರಿಯೂ ಕಿರಿದಾಯಿತು. ಶೋಧದಲ್ಲಿ ಕಾಣಿಸಿಕೊಳ್ಳದ ಸಣ್ಣ ವರ್ತಕರ ಮೇಲೆ ಅನುಮಾನ ಬೀಳುತ್ತದೆ, ಕಾಣಿಸಿಕೊಳ್ಳಬಲ್ಲ ದೊಡ್ಡ ಮಾರುಕಟ್ಟೆ ಸಂಸ್ಥೆಯ ಆಸರೆಯಲ್ಲೇ ಅವರು ಉಳಿಯಬೇಕಾಗುತ್ತದೆ, ಆ ಆಸರೆಗೆ ಕಮಿಷನ್ ತೆರಬೇಕಾಗುತ್ತದೆ. 2021ರ ಕೊನೆಯಲ್ಲಿ ಸ್ಥಾಪನೆಯಾಗಿ, ಬೆಂಗಳೂರೂ ಸೇರಿದಂತೆ ಐದು ಊರುಗಳಲ್ಲಿ 2022ರಲ್ಲಿ ಪ್ರಯೋಗ ಆರಂಭಿಸಿದ ಓಎನ್‌ಡಿಸಿ ಎಂಬ ಮುಕ್ತ ಜಾಲವು ಕೊಳ್ಳುವವರ ಆ್ಯಪ್ ಮತ್ತು ಮಾರುವವರ ಆ್ಯಪ್‌ಗಳನ್ನು ಬೇರ್ಪಡಿಸಿ ಈ ಅವಲಂಬನೆಯನ್ನು ಕಡಿಮೆ ಮಾಡಲು ಹೊರಟಿದೆ. ಹಾಗೆ ಬೇರ್ಪಟ್ಟಾಗ ಮಾರಾಟಗಾರನ ಗುರುತನ್ನು ಖಾತರಿಪಡಿಸುವ ಸಾಮಾನ್ಯ ದಾಖಲೆಯ ಅಗತ್ಯ ಇನ್ನೂ ತೀವ್ರವಾಗುತ್ತದೆ.

ದಾಖಲೆಯಲ್ಲಿರುವುದೇ ಸುಳ್ಳಾದರೆ ಅತ್ಯುತ್ತಮ ಶೋಧವೂ ಸುಳ್ಳನ್ನೇ ವೇಗವಾಗಿ ತಲುಪಿಸುತ್ತದೆ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್ 2015ರ ಜೂನ್‌ನಲ್ಲಿ ತನ್ನ ಡಿಜಿಟಲ್ ದಾಖಲೆಗಳನ್ನೆಲ್ಲ ಉಚಿತವಾಗಿ ತೆರೆದಿಟ್ಟು ಜಗತ್ತಿಗೆ ಮಾದರಿಯಾಯಿತು. ಆದರೆ ಸಲ್ಲಿಸಿದ್ದನ್ನು ಪ್ರಶ್ನಿಸುವ ಅಧಿಕಾರ ಅದಕ್ಕೆ ಹೆಚ್ಚಾಗಿ ಇರಲಿಲ್ಲವಾದ್ದರಿಂದ, ಸಂಬಂಧವೇ ಇಲ್ಲದವರ ಮನೆ ವಿಳಾಸದಲ್ಲಿ ಕಂಪನಿ ತೆರೆದ ಪ್ರಕರಣಗಳು ಕಾಣಿಸಿಕೊಂಡವು. 2023ರ ಆರ್ಥಿಕ ಅಪರಾಧ ಕಾಯ್ದೆಯ ಬಲದಿಂದ 2024ರ ಮಾರ್ಚ್‌ನಿಂದ ಅದು ಮಾಹಿತಿಯನ್ನು ಪ್ರಶ್ನಿಸಬಹುದು, ತಿರಸ್ಕರಿಸಬಹುದು. ನಿರ್ದೇಶಕರ ಗುರುತಿನ ಪರಿಶೀಲನೆ 2025ರ ನವೆಂಬರ್‌ನಿಂದ ಕಡ್ಡಾಯವಾಗಿದೆ. ಭಾರತದಲ್ಲಿ ನಿರ್ದೇಶಕರ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, 2018ರಲ್ಲೇ ಬಂದಿದೆ, ನೋಂದಾಯಿತ ಕಚೇರಿಯ ಸ್ಥಳಕ್ಕೇ ಹೋಗಿ ಪರಿಶೀಲಿಸುವ ಅಧಿಕಾರವೂ ರಿಜಿಸ್ಟ್ರಾರರಿಗೆ ಇದೆ. ಆ ಪರಿಶೀಲನೆ ನಡೆಯಿತೇ, ಯಾವಾಗ ನಡೆಯಿತು ಎಂಬ ದಿನಾಂಕ ಶೋಧದ ಪುಟದಲ್ಲಿ ಕಾಣುವಂತಾದರೆ ಅದರ ಪ್ರಯೋಜನ ಹಲವು ಪಟ್ಟು ಹೆಚ್ಚುತ್ತದೆ.

ತೆರೆದ ದಾಖಲೆಗೆ ಎದುರಾಗಿ ಖಾಸಗಿತನದ ಪ್ರಶ್ನೆಯೊಂದು ನಿಲ್ಲುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2022ರ ನವೆಂಬರ್‌ನಲ್ಲಿ, ಕಂಪನಿಗಳ ನಿಜವಾದ ಒಡೆಯರ ವಿವರವನ್ನು ಯಾರು ಬೇಕಾದರೂ ನೋಡಬಹುದೆಂಬ ನಿಯಮವನ್ನು ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂದು ರದ್ದುಪಡಿಸಿತು. ಸೀಮಿತ ಹೊಣೆಯ ರಕ್ಷಣೆ ಪಡೆದ ಕಂಪನಿಯ ವಿಷಯದಲ್ಲಿ ಪಾರದರ್ಶಕತೆಯ ಕಡೆಗೇ ತಕ್ಕಡಿ ವಾಲಬೇಕೆಂಬುದು ನ್ಯಾಯ; ಅಂಥ ರಕ್ಷಣೆಯಿಲ್ಲದೆ ತಮ್ಮ ಇಡೀ ಆಸ್ತಿಯನ್ನು ಒಡ್ಡಿಕೊಂಡು ಮನೆಯಿಂದಲೇ ವ್ಯಾಪಾರ ನಡೆಸುವ ಮಹಿಳೆಯ ವಿಷಯದಲ್ಲಿ ಹಾಗಲ್ಲ. ಅವರ ವ್ಯವಹಾರದ ವಿಳಾಸವೆಂದರೆ ಮನೆಯ ವಿಳಾಸವೇ, ಅದನ್ನು ಊರಿಗೆಲ್ಲ ತೋರಿಸುವುದರಿಂದ ಆಗಬಹುದಾದ ಕಿರುಕುಳ ಕಲ್ಪನೆಯದಲ್ಲ. ಆದ್ದರಿಂದ ಇಂಥವರಿಗೆ ನೋಂದಣಿ ಸಂಖ್ಯೆ, ತಾಲ್ಲೂಕು, ಆರಂಭದ ವರ್ಷ, ಚಾಲ್ತಿಯ ಸ್ಥಿತಿ ಮತ್ತು ದೂರಿನ ಸಂಪರ್ಕ ಇವು ಎಲ್ಲರಿಗೂ ಕಾಣುವಂತೆಯೂ, ಪೂರ್ಣ ವಿಳಾಸವು ವ್ಯವಹಾರ ನಡೆಸಿದವರಿಗೆ ಕೇಳಿದಾಗ ದೊರೆಯುವಂತೆಯೂ ಎರಡು ಹಂತಗಳನ್ನು ಮಾಡುವುದು ಉಚಿತ. ಕೊಂಡ ಗ್ರಾಹಕರು ಲಿಖಿತವಾಗಿ ಕೇಳಿದರೆ ಮಾರುಕಟ್ಟೆ ಸಂಸ್ಥೆಯು ಮಾರಾಟಗಾರನ ಮುಖ್ಯ ಕಚೇರಿಯ ಮತ್ತು ಶಾಖೆಗಳ ವಿಳಾಸವನ್ನು ಒದಗಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಈಗಾಗಲೇ ಹೇಳಿರುವುದರಿಂದ, ಈ ಎರಡು ಹಂತಗಳ ಕ್ರಮವನ್ನು ರಾಜ್ಯಗಳ ಪಾಲುದಾರಿಕೆ ದಾಖಲೆಗೂ ಉದ್ಯಮ್ ದಾಖಲೆಗೂ ವಿಸ್ತರಿಸಲು ಹೊಸ ತತ್ತ್ವವೊಂದನ್ನು ಹುಡುಕುವ ಅಗತ್ಯ ಬೀಳುವುದಿಲ್ಲ.